ವೇಗದ ವ್ಯಾಕರಣ

ತರಗತಿಯಲ್ಲಿ ಸಂಧಿಪ್ರಕರಣವನ್ನು ಬೋಧಿಸುತ್ತಿದ್ದಾಗ, ಹಿಂದಿನ ಬೆಂಚಿನ ತರುಣನೊಬ್ಬನು ಪುಸ್ತಕದ ಮರೆಯಲ್ಲಿ ಮೋಟಾರಿನ ಚಿತ್ರವೊಂದನ್ನು ನೋಡುತ್ತ ಸಿಕ್ಕಿಬಿದ್ದನು. ಚಿತ್ರವನ್ನು ನಾನು ವಶಪಡಿಸಿಕೊಂಡೆನು. ಆ ರಾತ್ರಿ ಅದು ನನ್ನನ್ನೇ ವಶಪಡಿಸಿಕೊಂಡಿತು.

ಅದು ಇಂಗ್ಲೆಂಡಿನ ಜಾಗ್ವಾರ್ ಎಕ್ಸ್‌ಕೆ 120. ಗಂಟೆಗೆ 120 ಮೈಲಿ ಓಡಬಲ್ಲುದೆಂಬ ಹೆಮ್ಮೆ ಹೆಸರಿನಲ್ಲಿಯೇ ಉಂಟು. ಸಂದೇಹಪಟ್ಟವರಿಗೆ ಉತ್ತರವಾಗಿ, 1949ರ ಮೇ 30ರಂದು ಬೆಲ್ಜಿಯಮ್ಮಿನ ಯಾಬೇಕದ ನೇರ ಹೆದ್ದಾರಿಯಲ್ಲಿ, ಪತ್ರಕರ್ತರ ಕಣ್ಣೆದುರಿಗೆ, ರಾನ್ ಸಟನ್ ಅದನ್ನು 132.6 ಮೈಲಿ ವೇಗದಲ್ಲಿ ಓಡಿಸಿದನು. 1953ರಲ್ಲಿ ಸ್ಪೇನಿನ ಪೆಗಾಸೊ ಅದೇ ರಸ್ತೆಯಲ್ಲಿ ಆ ವೇಗವನ್ನು ಮೀರಿಸಿತು. ಜಾಗ್ವಾರಿನವರು ಸುಮ್ಮನಿರುವರೆ?

ಇಲ್ಲಿಯೇ ಇರುವುದು ಸ್ವಾರಸ್ಯ. ಗಾಳಿಯ ತಡೆಯು ವೇಗದ ವರ್ಗಕ್ಕನುಗುಣವಾಗಿ ಬೆಳೆಯುತ್ತದೆ. ಅದನ್ನು ಗೆಲ್ಲಲು ಬೇಕಾದ ಶಕ್ತಿಯಾದರೋ ಘನಕ್ಕನುಗುಣವಾಗಿ. ವೇಗ ಇಮ್ಮಡಿಯಾಗಬೇಕಾದರೆ ಶಕ್ತಿ ಎಂಟು ಮಡಿಯಾಗಬೇಕು! ಎಂಜಿನ್ನನ್ನು ಹುರಿಗೊಳಿಸಿದರಷ್ಟೇ ಸಾಲದು; ಗಾಳಿಯನ್ನೂ ಒಲಿಸಿಕೊಳ್ಳಬೇಕು. ಅವರು ಮಾಡಿದ್ದೆಲ್ಲ ನಮ್ಮ ಸಂಧಿಕಾರ್ಯವೇ. ಮುಂದೀಪಗಳನ್ನು ತೆಗೆದು ಆ ಜಾಗವನ್ನು ನುಣುಪಾಗಿ ಮುಚ್ಚಿದರು: ಲೋಪ. ಹೊಟ್ಟೆಯಡಿಗೆ ತಗಡು ಸೇರಿಸಿದರು: ಆಗಮ. ಎದುರುಗಾಜಿನ ಸ್ಥಾನದಲ್ಲಿ ಗ್ಲೈಡರ್ ವಿಮಾನದ ಪಾರದರ್ಶಕ ಗುಮ್ಮಟವನ್ನಿಟ್ಟರು: ಆದೇಶ.

ಗುಮ್ಮಟದೊಳಗೆ ತಲೆ ಹಿಡಿಸಲಿಲ್ಲ. ಆಸನವನ್ನೇ ಕಿತ್ತು, ಚಾಲಕ ನಾರ್ಮನ್ ಡ್ಯೂಯಿಸ್‌ನನ್ನು ತಳದ ಮೇಲೆಯೇ ಕುಳ್ಳಿರಿಸಿ, ಗುಮ್ಮಟವನ್ನು ಹೊರಗಿನಿಂದ ಬಿಗಿದರು. ಹೊರಗಿನವರು ತೆರೆದ ಹೊರತು ಅವನಿಗೆ ಬಿಡುಗಡೆಯಿಲ್ಲ. ಚಕ್ರವೊಂದು ಸಿಡಿದಿದ್ದರೆ? ಬೆಂಕಿಯ ಕಿಡಿ ಹಾರಿದ್ದರೆ? 1953ರ ಅಕ್ಟೋಬರ್ 20ರಂದು ಅವನು ಸಾಧಿಸಿದ ವೇಗ 172.4 ಮೈಲಿ. ನಾವು ಅದನ್ನು ಧೈರ್ಯವೆನ್ನುತ್ತೇವೆ. ನನಗಾದರೋ, ಮೊಳೆ ಬಿಗಿದ ಕೈಗಳ ಮೇಲೆ ಅವನಿಟ್ಟಿದ್ದ ನಂಬಿಕೆಯೇ ದೊಡ್ಡದಾಗಿ ಕಾಣುತ್ತದೆ. ಆತನು 98 ವರ್ಷ ಬದುಕಿ 2019ರಲ್ಲಿ ತೀರಿಕೊಂಡನು.

ಮರುದಿನ ಚಿತ್ರವನ್ನು ಹಿಂದಿರುಗಿಸಿ, ಈ ಕಥೆಯನ್ನು ಹೇಳಿ, ಲೋಪ ಆಗಮ ಆದೇಶಗಳಿಗೆ ಉದಾಹರಣೆ ಕೇಳಿದೆನು. ಎಂದೂ ಬಾಯಿ ತೆರೆಯದ ಆ ಹುಡುಗ ಎದ್ದು ನಿಂತು, ‘ಊರೂರು, ಮನೆಯಲ್ಲಿ, ಮಳೆಗಾಲ’ ಎಂದು ಒಂದೇ ಉಸಿರಿಗೆ ಹೇಳಿದನು. ಒಂದೂ ತಪ್ಪಿರಲಿಲ್ಲ. ಇಷ್ಟು ದಿನ ಅವನ ಗುಮ್ಮಟವನ್ನು ಹೊರಗಿನಿಂದ ಬಿಗಿದಿದ್ದವನು ನಾನೇ ಇರಬೇಕು.