ಕಡಲಿನ ಪಂಚನಾಮೆ ಬರೆಯುವವರು ಯಾರು?

ಒಳನಾಡಿನ ಈಸೂರಿನವರಾದ ನಮಗೆ ಸಮುದ್ರದ ಗೊಡವೆಯೇಕೆಂದು ವಾಚಕರು ಕೇಳಬಹುದು. ಕರಾವಳಿಯ ಮೀನುಗಾರನು ನಮ್ಮವನಲ್ಲವೇ? 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ದೋಣಿಯು ಏಳು ಜನರೊಡನೆ ಕಣ್ಮರೆಯಾಯಿತು. ನೌಕಾಪಡೆಯ ಹಡಗು ಬಡಿಯಿತೆಂದು ಮೀನುಗಾರರು ಶಂಕಿಸಿದರು. 2019ರ ಮೇ ತಿಂಗಳಲ್ಲಿ ಮಾಲವಣದಾಚೆ ಕಡಲತಳದ ಅವಶೇಷವನ್ನು ಕಂಡುಹಿಡಿದುದೂ ನೌಕಾಪಡೆಯೇ. ಶಂಕೆಯು ದಿಟವೆಂದು ನಾವು ಹೇಳೆವು. ಆದರೆ ಪ್ರತಿವಾದಿಯೇ ಪಂಚನಾಮೆ ಬರೆದು ತಂದರೆ ಯಾವ ಮುನಸೀಫನು ಒಪ್ಪಿಯಾನು?

1958ರ ಕಾಯಿದೆಯ ಸ್ಥಾನದಲ್ಲಿ ಸಂಸತ್ತು 2025ರಲ್ಲಿ ಹೊಸ ವಾಣಿಜ್ಯ ನೌಕಾ ಕಾಯಿದೆಯನ್ನು ಅಂಗೀಕರಿಸಿತು. ಸಂತೋಷ! ಮೀನುದೋಣಿಯನ್ನು ಹೊರಗಿಟ್ಟ ಸುಧಾರಣೆಯು ಮಾತ್ರ ನಮಗೆ ಬೇಡ. ತನಿಖೆಗಾರನು ನೌಕಾ ಇಲಾಖೆಗಾಗಲಿ ಪಡೆಗಾಗಲಿ ಅಧೀನನಾಗಿರಕೂಡದು. ಅವನ ವರದಿಯನ್ನು ಸರಕಾರದವರು ಕನ್ನಡದಲ್ಲಿ ಅಚ್ಚುಹಾಕಿಸಿ, ಕಳೆದುಹೋದವರ ಮನೆಗಳಿಗೆ ಮೊದಲು ಮುಟ್ಟಿಸತಕ್ಕದ್ದು.