ಬಾಸ್ ಆದ 8055

ಕುಷ್ಟಗಿಯ ಮದುವೆಯೊಂದರಲ್ಲಿ ಸಾಲಾಗಿ ನಿಂತ ಕಾರುಗಳನ್ನು ನೋಡುತ್ತಿದ್ದ ನನ್ನ ಮೊಮ್ಮಗ, ‘ಅಜ್ಜಾ, ಇಲ್ಲಿ ಬಾಸ್ ಅಂತ ಬರದಾರ ನೋಡು!’ ಎಂದ. ಹೋಗಿ ನೋಡಿದರೆ ಅದು 8055. ಎಂಟನ್ನು ಇಂಗ್ಲಿಷಿನ ಬಿ ಹಾಗೆ, ಐದುಗಳನ್ನು ಎಸ್ ಹಾಗೆ ತಿದ್ದಿ ಬರೆಸಿದ್ದರು.

ಮಕ್ಕಳೇ, ಇಂಗ್ಲೆಂಡಿನಲ್ಲಿ ತಮ್ಮ ಹೆಸರನ್ನು ಹೋಲುವ ಅಕ್ಷರಗಳನ್ನೇ ದುಡ್ಡು ಕೊಟ್ಟು ಕೊಳ್ಳಬಹುದು. ನಮ್ಮಲ್ಲಿ ಹಾಗಿಲ್ಲ. ಕೊಪ್ಪಳದಲ್ಲಿ ನೋಂದಾದ ಗಾಡಿಗೆ ಕೆಎ 37 ಬರಲೇಬೇಕು (ರಾಯಚೂರು ಜಿಲ್ಲೆಯಲ್ಲಿದ್ದಾಗ ನಮಗೂ 36 ಇತ್ತು). ಆರಿಸಿಕೊಳ್ಳಲು ಸಿಗುವುದು ಕೊನೆಯ ಅಂಕಿಗಳು ಮಾತ್ರ. 1, 9999ರಂಥವನ್ನು ಸಾರಿಗೆ ಇಲಾಖೆಯೇ ಹರಾಜು ಹಾಕುತ್ತದೆ. ಬೆಂಗಳೂರಿನಲ್ಲಿ ಕೂಗು ಲಕ್ಷಗಟ್ಟಲೆ ಏರುವುದುಂಟು. ಎಫ್.ಡಿ. ಇಟ್ಟಿದ್ದರೆ ಬಡ್ಡಿಯಾದರೂ ಬರುತ್ತಿತ್ತಲ್ಲ ಅನ್ನಿಸುತ್ತದೆ. ಬ್ಯಾಂಕಿನ ಗುಮಾಸ್ತನ ಹಳೇ ಚಟ! ಇರಲಿ, ಹಣ ಸರ್ಕಾರದ ಖಜಾನೆಗೆ ಹೋಗುತ್ತದೆ, ನನ್ನ ತಕರಾರಿಲ್ಲ.

ತಕರಾರಿರುವುದು ತಿದ್ದಿ ಬರೆಸುವುದಕ್ಕೆ. ಫಲಕದ ಅಕ್ಷರ ಎಷ್ಟೆತ್ತರ, ಎಷ್ಟು ದಪ್ಪ, ನಡುವೆ ಎಷ್ಟು ಜಾಗ ಎಂಬುದನ್ನೆಲ್ಲ 1989ರ ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ. 2019ರ ಏಪ್ರಿಲ್ 1ರಿಂದ ಹೊಸ ಗಾಡಿಗಳಿಗೆ ಅಶೋಕ ಚಕ್ರದ ಹೊಲೋಗ್ರಾಂ ಇರುವ ಫಲಕವೇ ಬರುತ್ತಿದೆ. ಅದನ್ನೂ ಕಿತ್ತು ಚಂದದ್ದು ಹಾಕಿಸಿಕೊಳ್ಳುವ ಶೋಕಿಲಾಲರಿದ್ದಾರೆ.

ಕಳೆದ ವರ್ಷ ಯಲಬುರ್ಗಾದ ದಾರಿಯಲ್ಲಿ ಕಾರೊಂದು ಕುರಿ ಹಿಂಡಿಗೆ ಗುದ್ದಿ ಓಡಿಹೋಯಿತು. ಎರಡು ಕುರಿ ಸತ್ತವು. ‘ನಂಬರ್ ನೋಡಿದೇನೋ ತಮ್ಮಾ?’ ಎಂದು ಕುರಿ ಕಾಯುವ ಹುಡುಗನನ್ನು ಕೇಳಿದೆ.

‘ನೋಡಿದೆರೀ ಅಜ್ಜಾರ. ಬಳ್ಳಿ ಬಿಡಿಸಿದಂಗ ಬರಸಿದ್ರು, ಓದಾಕ ಬರಲಿಲ್ಲ.’

ಅವನು ಏಳನೇ ಇಯತ್ತೆ ಓದಿದವನು. ಪೊಲೀಸರ ಮುಂದೆ ಅವನು ಹೇಳಿದ್ದು ಕಾರಿನ ಬಣ್ಣವೊಂದನ್ನೇ.