ಹುಳ ಕಂಡರೆ ಬೇಡ, ಕಾಣದ ವಿಷ ಬೇಕೆ?

ಕೋಲಾರ ಜಿಲ್ಲೆಯ ಯಾವ ಸಂತೆಗಾದರೂ ಹೋಗಿ ನೋಡಿ. ಬದನೆಕಾಯಿ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತ ಗಿರಾಕಿ ಒಂದೊಂದೇ ಕಾಯಿ ತಿರುಗಿಸಿ ನೋಡುತ್ತಾನೆ. ತೂತು ಕಂಡರೆ 'ಹುಳ ಐತೆ ಕಣಮ್ಮ, ಬ್ಯಾಡ' ಎಂದು ಪಕ್ಕಕ್ಕೆ ತಳ್ಳುತ್ತಾನೆ. ಮಿರಮಿರ ಮಿಂಚುವ ಕಾಯಿ ಚೀಲಕ್ಕೆ ಬೀಳುತ್ತದೆ. ಅದಕ್ಕೆ ನಿನ್ನೆ ಸಂಜೆ ಏನು ಹೊಡೆದಿದ್ದಾರೆಂದು ಕೇಳುವವರು ಯಾರು?

ರೈತನೊಬ್ಬನನ್ನೇ ಬೈದು ಪ್ರಯೋಜನವಿಲ್ಲ. ತೂತಿನ ಕಾಯಿಗೆ ಮಂಡಿಯಲ್ಲೂ ಬೆಲೆಯಿಲ್ಲ, ಅಂಗಡಿಯಲ್ಲೂ ಬೆಲೆಯಿಲ್ಲ. ಹೆದರಿದವನು ಡಬ್ಬಿ ತಂದು ಹೊಡೀತಾನೆ. ಅದಕ್ಕೆ 'ಔಷಧಿ' ಅನ್ನೋ ಹೆಸರೇ ದೊಡ್ಡ ಮೋಸ! ತರಕಾರಿಗೆ ಮೊನೊಕ್ರೊಟೊಫಾಸ್ ಹೊಡೆಯಕೂಡದೆಂದು ಕೇಂದ್ರ ಸರ್ಕಾರ 2005ರಲ್ಲೇ ನಿಷೇಧಿಸಿತು. ದಕ್ಷಿಣ ಕನ್ನಡದ ಗೇರುತೋಟಗಳ ಸುತ್ತಲಿನ ಊರುಗಳು ನರಳಿದ ಮೇಲೆ, 2011ರಲ್ಲಿ ಸುಪ್ರೀಂ ಕೋರ್ಟು ಎಂಡೋಸಲ್ಫಾನ್ ನಿಲ್ಲಿಸಿತು. ಒಂದು ಡಬ್ಬಿ ಹೋದರೆ ಇನ್ನೊಂದು ಬರುತ್ತೆ, ಅಷ್ಟೆ.

ಅಷ್ಟು ಹೊಡೆದರೆ ಹುಳವಾದರೂ ಸಾಯುತ್ತದೆಯೆ? ಬದನೆಯ ಕಾಯಿಕೊರಕದ ಮರಿ ಮೊಟ್ಟೆಯೊಡೆದ ಕೆಲವೇ ಗಂಟೆಗಳಲ್ಲಿ ಕುಡಿಯನ್ನೋ ಕಾಯನ್ನೋ ಕೊರೆದು ಒಳಗೆ ಸೇರಿ, ಹಿಕ್ಕೆಯಿಂದ ಬಾಗಿಲು ಮುಚ್ಚಿಕೊಳ್ಳುತ್ತದೆ. ಹೊರಗೆ ಹೊಡೆದದ್ದು ಅದಕ್ಕೆ ತಾಗುವುದು ಕಷ್ಟ. ಸಾಯುವುದು, ಹೇನು ತಿಂದು ಗಿಡ ಕಾಯುವ ಗುಲಗಂಜಿ ಹುಳ!

ದಾರಿ ಇಲ್ಲವೆಂದಲ್ಲ. ಬಾಡಿದ ಕುಡಿ, ತೂತು ಬಿದ್ದ ಕಾಯಿಗಳನ್ನು ವಾರಕ್ಕೊಮ್ಮೆ ಕಿತ್ತು ಸುಡಬೇಕು. ಬದುವಿಗೆ ಎಸೆದರೆ ಅದೇ ಹುಳ ಪತಂಗವಾಗಿ ವಾಪಸ್ಸು ಬರುತ್ತೆ. ಗಂಡು ಪತಂಗ ಹಿಡಿಯಲು ಮೋಹಕ ಬಲೆ ಉಂಟು. ಬೇವಿನ ಬೀಜದ ತಿರುಳು 50 ಗ್ರಾಂ ಕುಟ್ಟಿ, 1 ಲೀಟರ್ ನೀರಿನಲ್ಲಿ ರಾತ್ರಿಯೆಲ್ಲ ನೆನೆಸಿ, ಬಟ್ಟೆಯಲ್ಲಿ ಸೋಸಿ, ಚೂರು ಸೋಪಿನ ನೀರು ಬೆರೆಸಿ ಎಲೆಯ ಅಡಿಗೂ ತಾಗುವಂತೆ ಸಿಂಪಡಿಸಬೇಕು. ಬಿಸಿಲಿಗೆ ಬೇವಿನ ಸತ್ವ ಬೇಗ ಹೋಗುವುದರಿಂದ ಸಂಜೆಯೇ ಒಳ್ಳೆಯ ಹೊತ್ತು. ಹಿತ್ತಲಲ್ಲಿ ನಾಲ್ಕು ಗಿಡ ಇಟ್ಟುಕೊಂಡವರಿಗೂ ಇದು ಸಾಕು.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಎಲೆಕೋಸಿನ 25 ಸಾಲಿಗೆ 2 ಸಾಲು ಸಾಸಿವೆ, ಟೊಮ್ಯಾಟೊ ನಡುನಡುವೆ ಚೆಂಡುಹೂವಿನ ಸಾಲು ಹಾಕಿ ಎಂದು ಹೇಳಿದ್ದಾರೆ. ಪತಂಗ ಅಲ್ಲಿಗೆ ಮುಗಿಬಿದ್ದು ಮೊಟ್ಟೆಯಿಡುತ್ತೆ, ಬೆಳೆ ಉಳಿಯುತ್ತೆ. ಬೇವಿನ ಸೋಪು, ಹೊಂಗೆ ಸೋಪನ್ನೂ ಅವರು ತಯಾರಿಸಿದ್ದಾರೆ. ಹೋಬಳಿಗೊಂದು ರೈತ ಸಂಪರ್ಕ ಕೇಂದ್ರವಿದೆಯಲ್ಲ, ಅಲ್ಲಿ ಈ ಸೋಪು, ಈ ಬಲೆ ಡಬ್ಬಿ ಸಿಗುವಷ್ಟೇ ಸಲೀಸಾಗಿ ಸಿಗಬೇಕು. ಸಂಬಂಧಪಟ್ಟ ಅಧಿಕಾರಿಗಳು ಇತ್ತ ಗಮನ ಹರಿಸುವರೆ?

ಹೊಣೆ ಅವರದ್ದು ಮಾತ್ರವಲ್ಲ. ತರಕಾರಿ ಅಂಗಡಿಯವರು ಒಂದು ಬುಟ್ಟಿ ಬೇರೆ ಇಟ್ಟು 'ಬೇವು ಹೊಡೆದದ್ದು, ಒಂದೆರಡು ತೂತು ಇದ್ದಾವು' ಎಂದು ನಿಜ ಹೇಳಿ ಮಾರಲಿ. ಬಸ್ಸಿಗೆ ಓಡುವ ಗಿರಾಕಿಯೂ ಆ ಬುಟ್ಟಿಗೆ ಕೈ ಹಾಕಲಿ. ಹುಳ ಕೊರೆದ ತುಂಡನ್ನು ಹೆಚ್ಚಿ ಎಸೆಯಬಹುದು. ವಿಷವನ್ನು ಯಾವ ಈಳಿಗೆಮಣೆ ಹೆಚ್ಚೀತು?